ಅಗ್ಘವಣಿಯೂ ಕೊನೆಯ ಮನೆಯ ನೀರೂ
(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಲಿಂಗಾರ್ಚನೆಗೆ ಅಗ್ಘವಣಿ ಬೇಕು. ದಾಸೋಹದ ಅಡಿಗೆಗೆ ನೀರು ಬೇಕು. ತೊಟ್ಟಿಲ ಕೂಸಿಗೂ ಗುಟುಕು ನೀರು ಬೇಕು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿ ಜಲಸೇವೆಯನ್ನೇ ಶಿವಸೇವೆಯನ್ನಾಗಿ ಮಾಡಿದ ಕಥೆಯನ್ನು ನಾವೆಲ್ಲರೂ ಬಲ್ಲೆವು. ಆ ಕಾಯಕವು ನಮ್ಮ ಕಾಲದಲ್ಲಿ ಹೇಗೆ ನಡೆಯುತ್ತಿರುವದೆಂಬದನ್ನು ಅರಿಕೆ ಮಾಡಿಕೊಳ್ಳುವೆನು.

ನಮ್ಮ ಹಿರಿಯರು ಬಾವಿಯ ನೀರಿನಿಂದಲೇ ಬಾಳಿದರು. ಆದರೆ ಈ ಸೀಮೆಯ ಜಂಬಿಟ್ಟಿಗೆಯ ನೆಲವು ನೀರನ್ನು ಬೇಗನೆ ಒಳಗೆಳೆದುಕೊಳ್ಳುವದು. ಮನೆಗಳು ದಟ್ಟವಾದಂತೆ ಬಚ್ಚಲಗುಂಡಿಯ ಹೊಲಸೂ ಅದರೊಡನೆ ಇಳಿಯುವದು. ಅದರಿಂದ ಬಾವಿಗಳಲ್ಲಿ ನೈಟ್ರೇಟು ಹೆಚ್ಚುವದು. ಲೀಟರಿಗೆ 45 ಮಿಲಿಗ್ರಾಮನ್ನು ಮೀರಿದರೆ ಅದು ಹಸುಗೂಸುಗಳಿಗೆ ಅಪಾಯಕರವು. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುವವು. ನೈಟ್ರೇಟು ಮಾತ್ರ ಹೋಗದು.

ಅದಕಾರಣ ಈಗ ದೂರದ ಜಲಾಶಯಗಳನ್ನು ನೆಚ್ಚಿರುವೆವು. ಬಸವಕಲ್ಯಾಣಕ್ಕೆ ಚುಳಕಿ ನಾಲೆಯ ನೀರೂ, ಹುಮನಾಬಾದಿಗೆ ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಬಳಿಯ ಕಾರಂಜಾ ಜಲಾಶಯದ ನೀರೂ ಬರುವವು. ಇಂಥ ಪಟ್ಟಣಗಳ ಯೋಜನೆಗಳನ್ನು 1973ರ ಕಾಯಿದೆಯ ಮೇರೆಗೆ ಹುಟ್ಟಿದ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಕಟ್ಟುವದು. ಊರೊಳಗೆ ಹಂಚುವ ಹೊಣೆಯು ಸಾಮಾನ್ಯವಾಗಿ ನಗರಸಭೆ, ಪುರಸಭೆಗಳದು. ಹಳ್ಳಿಗಳಿಗೆ 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ತಲೆಗೆ ದಿನಕ್ಕೆ 55 ಲೀಟರು ನೀರನ್ನು ಮನೆಯ ನಳಕ್ಕೇ ತಲುಪಿಸುವ ಗುರಿಯನ್ನಿಟ್ಟುಕೊಂಡಿತು.

ಶುದ್ಧೀಕರಣದ ಕ್ರಮವು ಸರಳವಾದುದು. ಪಟಿಕವನ್ನು ಬೆರೆಸಿದರೆ ಕೆಸರು ಗರಣೆಗಟ್ಟಿ ತಳಕ್ಕಿಳಿಯುವದು. ತಿಳಿನೀರು ಮರಳಿನ ಹಾಸಿನಲ್ಲಿ ಸೋಸುವದು. ಕಡೆಗೆ ಕ್ಲೋರಿನ್ನು ಕ್ರಿಮಿಗಳನ್ನು ಕೊಲ್ಲುವದು. ನಳದ ತುದಿಯಲ್ಲಿಯೂ ಲೀಟರಿಗೆ 0.2 ಮಿಲಿಗ್ರಾಮಿನಷ್ಟಾದರೂ ಕ್ಲೋರಿನ್ನು ಉಳಿದಿರಬೇಕೆಂದು ನಿಯಮವಿದೆ. ಆ ನಸುವಾಸನೆಗೆ ಮೂಗು ಮುರಿಯಬೇಡಿರಿ. ಅದು ನೀರಿನ ಕಾವಲುಗಾರನು.

ಇಷ್ಟಾದರೂ ದೊಡ್ಡ ಕೆಡುಕು ದಾರಿಯಲ್ಲಿದೆ. ಹೊತ್ತು ಗೊತ್ತುಮಾಡಿ ನೀರು ಬಿಡುವ ಊರುಗಳಲ್ಲಿ ನೀರು ನಿಂತೊಡನೆ ಕೊಳವೆಯ ಒತ್ತಡವು ಇಳಿಯುವದು. ಆಗ ಗಟಾರದ ನೀರು ಕೊಳವೆಯ ಬಿರುಕಿನಿಂದ ಒಳಸೇರಬಹುದು. ನಳಕ್ಕೆ ಮೋಟಾರು ಹಚ್ಚಿ ಎಳೆದರಂತೂ ಆ ಹೊಲಸನ್ನು ನಾವೇ ಕೈಹಿಡಿದು ಕರೆತಂದಂತಾಯಿತು. ಅಷ್ಟೇ ಅಲ್ಲ, ಕೇರಿಯ ಕೊನೆಯ ಮನೆಯ ಕೊಡವು ಬರಿದಾಗುವದು. ದಾಸೋಹದ ಪಂಕ್ತಿಯಲ್ಲಿ ಮುಂದೆ ಕುಳಿತವನು ಹಿಂದಿನವನ ಎಲೆಗೆ ಕೈಯಿಕ್ಕುವದುಂಟೆ? ಆದರೆ ನೀರಿನ ವಿಷಯದಲ್ಲಿ ನಾವು ಮಾಡುತ್ತಿರುವದು ಅದನ್ನೇ ಅಲ್ಲವೆ?

ಮಂಡಳಿಯೂ ಪುರಸಭೆಯೂ ಸೋರುವ ಕೊಳವೆಗಳನ್ನು ದುರಸ್ತಿ ಮಾಡಿಸಿ, ನೀರನ್ನು ಆಗಾಗ ಪರೀಕ್ಷಿಸತಕ್ಕದ್ದು. ಅದನ್ನು ನಾವು ಕೇಳಿ ಪಡೆಯತಕ್ಕದ್ದು. ನಮ್ಮ ಪಾಲಿನ ಕೆಲಸವೂ ಇದೆ: ಮೋಟಾರನ್ನು ಬಿಚ್ಚುವದು, ಮನೆಯ ಟಾಕಿಯನ್ನು ತಿಕ್ಕಿ ತೊಳೆಯುವದು, ಕೊಡವನ್ನು ಮುಚ್ಚಿಡುವದು, ಕೈ ಅದ್ದದೆ ಹಿಡಿಕೆಯ ಸೌಟಿನಿಂದ ನೀರು ತೆಗೆಯುವದು. ರಾತ್ರಿ ಹಗಲೆನ್ನದೆ ನೀರು ಬಿಡುವ ನೀರುಗಂಟಿಯ ದುಡಿಮೆಯೂ ಕಾಯಕವೇ ಎಂದು ಗೌರವಿಸುವದು.

ಎಲ್ಲ ಕೇರಿಯವರೂ ಒಂದೆಡೆ ಕುಳಿತ ನೆಲ ನಮ್ಮ ಕಲ್ಯಾಣ. ಈ ಮಹೋತ್ಸವದ ದಿನ, ಕೊನೆಯ ಮನೆಯ ಕೊಡವು ತುಂಬುವವರೆಗೆ ನಮ್ಮ ಅಗ್ಘವಣಿಯು ಪೂರ್ಣವಾಗದೆಂದು ಪೂಜ್ಯರ ಸಮ್ಮುಖದಲ್ಲಿ ಸಂಕಲ್ಪ ಮಾಡೋಣ.