ವಂಕಿ ಹಾಕಿಸಿಕೊಂಡ ಮೇಲೆ ಬರುವ ನೋವು



ಶಿಕಾರಿಪುರ, ಸೊರಬದ ಕಡೆಯ ತಾಯಂದಿರಿಗೆ ವಂಕಿಯ ಹೆಸರು ಹೊಸದಲ್ಲ. ಕೆಲವರು ಕಾಪರ್-ಟಿ ಎನ್ನುತ್ತಾರೆ. ಒಂದು ಹೆರಿಗೆಗೂ ಇನ್ನೊಂದಕ್ಕೂ ಮೂರು ವರ್ಷದ ಅಂತರವಿರಲಿ ಎಂದು ಆಸ್ಪತ್ರೆಯಲ್ಲಿ ಹೇಳುತ್ತಾರೆ. ಅದಕ್ಕೆ ವಂಕಿ ಒಳ್ಳೆಯ ಉಪಾಯವೆಂದೂ ಹೇಳುತ್ತಾರೆ. ಆದರೆ ಹಾಕಿಸಿಕೊಂಡು ಮನೆಗೆ ಬಂದ ರಾತ್ರಿ ಕಿಬ್ಬೊಟ್ಟೆ ಹಿಂಡಿದಂತಾಗುತ್ತದೆ, ಸೊಂಟ ಸೆಳೆಯುತ್ತದೆ. ಈ ನೋವು ಬರುವಂಥದ್ದೋ, ಬರಬಾರದ್ದೋ? ಯಾರನ್ನು ಕೇಳುವುದು? ಗಂಡನಿಗೆ ಹೇಳಲು ಸಂಕೋಚ, ಅತ್ತೆಗೆ ಹೇಳಲು ಅಂಜಿಕೆ. ಈ ದಿನದ ನಮ್ಮ ಮಾತು ಆ ನೋವಿನ ಬಗ್ಗೆಯೇ.

ಮೊದಲು ವಂಕಿ ಎಂದರೇನು ನೋಡೋಣ. ಇಂಗ್ಲಿಷಿನ ಟಿ ಅಕ್ಷರದ ಆಕಾರದ ಪುಟ್ಟ ಪ್ಲಾಸ್ಟಿಕ್ ಸಾಧನ ಇದು. ಉದ್ದ ಸುಮಾರು 36 ಮಿಲಿಮೀಟರ್, ಅಗಲ 32 ಮಿಲಿಮೀಟರ್. ಅದಕ್ಕೆ ತಾಮ್ರ ಹೊಂದಿಸಿರುತ್ತದೆ. ತುದಿಯಲ್ಲಿ ಎರಡು ಸಣ್ಣ ದಾರಗಳಿರುತ್ತವೆ. ಗಂಡಿನ ವೀರ್ಯಾಣು ಅಂಡವನ್ನು ಸೇರದಂತೆ ಈ ತಾಮ್ರ ತಡೆಯುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡು ಬಗೆಯ ವಂಕಿ ಹಾಕುತ್ತಾರೆ. 380-ಎ ಎಂಬುದು ಹತ್ತು ವರ್ಷ, 375 ಎಂಬುದು ಐದು ವರ್ಷ ಕೆಲಸ ಮಾಡುತ್ತದೆ. ಹಾಕಿಸಿಕೊಂಡ ನೂರು ಮಂದಿಯಲ್ಲಿ ಮೊದಲ ವರ್ಷ ಗರ್ಭ ನಿಲ್ಲುವುದು ಒಬ್ಬರಿಗಿಂತಲೂ ಕಡಿಮೆ. ಮಗು ಬೇಕೆನಿಸಿದಾಗ ತೆಗೆಸಿದರೆ ಮತ್ತೆ ಗರ್ಭಿಣಿಯಾಗಬಹುದು.

ಹಾಗಾದರೆ ನೋವು ಏಕೆ? ಗರ್ಭಕೋಶವೆಂಬುದು ಮುಷ್ಟಿಯಷ್ಟು ಗಾತ್ರದ ಮಾಂಸಖಂಡದ ಚೀಲ. ಒಳಗೆ ಹೊಸ ವಸ್ತುವೊಂದು ಬಂದಾಗ ಅದು ಹಿಂಡಿಕೊಳ್ಳುತ್ತದೆ. ಮುಟ್ಟಿನ ದಿನಗಳಲ್ಲಿ ಹೊಟ್ಟೆ ನೋಯುವುದೂ ಹೀಗೆಯೇ. ಅದಕ್ಕೇ ವಂಕಿಯ ನೋವು ಮುಟ್ಟಿನ ನೋವಿನಂತೆಯೇ ಇರುತ್ತದೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತಾ ಬರುತ್ತದೆ. ನಡುನಡುವೆ ಸ್ವಲ್ಪ ರಕ್ತ ಕಾಣಬಹುದು. ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನ ಸ್ರಾವ ಹೆಚ್ಚಾಗಿ, ನೋವೂ ಹೆಚ್ಚಾಗಿ ಇರಬಹುದು. ಗರ್ಭಕೋಶ ಹೊಂದಿಕೊಂಡಂತೆ ಹೆಚ್ಚಿನವರಲ್ಲಿ ಇದು ತಗ್ಗುತ್ತದೆ.

ಇಂಥ ನೋವಿಗೆ ಬಿಸಿನೀರಿನ ಶಾಖ ಕೊಡಿ. ಆ ದಿನ ಸಾಧ್ಯವಾದಷ್ಟು ವಿಶ್ರಾಂತಿ ಪಡೆಯಿರಿ. ಐಬುಪ್ರೊಫೇನ್ ಅಥವಾ ಪ್ಯಾರಾಸಿಟಮಾಲ್ ಮಾತ್ರೆಯನ್ನು ಎಷ್ಟು, ಯಾವಾಗ ತೆಗೆದುಕೊಳ್ಳಬೇಕೆಂದು ಹಾಕಿದವರನ್ನೇ ಕೇಳಿಕೊಂಡು ಬನ್ನಿ. ಐಬುಪ್ರೊಫೇನನ್ನು ಊಟದ ನಂತರ ತೆಗೆದುಕೊಳ್ಳಬೇಕು. ಹೊಟ್ಟೆಹುಣ್ಣು, ಉಬ್ಬಸ, ಮೂತ್ರಪಿಂಡದ ತೊಂದರೆ ಇರುವವರು ಅದನ್ನು ವೈದ್ಯರನ್ನು ಕೇಳದೆ ನುಂಗಬಾರದು. ನೋವು ಇಳಿದ ಮೇಲೆ ನಾಟಿಗೆ ಹೋಗಬಹುದು, ಮೆಕ್ಕೆಜೋಳ ಮುರಿಯಬಹುದು, ಅಡಿಕೆ ಸುಲಿಯಬಹುದು. ವಂಕಿ ಇದೆಯೆಂದು ದುಡಿಮೆ ಬಿಡಬೇಕಾಗಿಲ್ಲ. ಆದರೆ ನೋವಿರುವ ದಿನವೇ ಗದ್ದೆಗೆ ಇಳಿ ಎಂದು ಮನೆಯವರು ಒತ್ತಾಯ ಮಾಡಬಾರದು.

ಇನ್ನು ಬರಬಾರದ ನೋವಿನ ಮಾತು. ಇದನ್ನು ಗಮನವಿಟ್ಟು ಓದಿ, ಮನೆಯವರಿಗೂ ಓದಿ ಹೇಳಿ.

ಒಂದು, ನೋವು ಇಳಿಯುವ ಬದಲು ದಿನದಿಂದ ದಿನಕ್ಕೆ ಏರುವುದು, ಅಥವಾ ಮಾತ್ರೆಗೂ ಜಗ್ಗದಿರುವುದು.

ಎರಡು, ನೋವಿನ ಜೊತೆಗೆ ಜ್ವರ, ಚಳಿ, ಕೆಟ್ಟ ವಾಸನೆಯ ಬಿಳಿಸೆರಗು. ಇದು ಸೋಂಕಿನ ಸೂಚನೆ. ಸೋಂಕಿನ ಸಂಭವ ಹಾಕಿಸಿಕೊಂಡ ಮೊದಲ 20 ದಿನಗಳಲ್ಲಿ ಹೆಚ್ಚು.

ಮೂರು, ಗಂಟೆಗೊಂದು ಬಟ್ಟೆಯೋ ಪ್ಯಾಡೋ ತೊಯ್ಯುವಷ್ಟು ರಕ್ತಸ್ರಾವ.

ನಾಲ್ಕು, ಮುಟ್ಟು ನಿಂತು, ಹೊಟ್ಟೆಯ ಒಂದು ಪಕ್ಕ ನೋಯುವುದು, ತಲೆಸುತ್ತು ಬರುವುದು. ವಂಕಿ ಇದ್ದೂ ಗರ್ಭ ನಿಂತರೆ ಅದು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿರಬಹುದು. ಇದು ಪ್ರಾಣಕ್ಕೆ ಅಪಾಯ.

ಐದು, ದಾರ ಕೈಗೆ ಸಿಗದಿರುವುದು, ಮೊದಲಿಗಿಂತ ಉದ್ದವಾಗಿರುವುದು ಅಥವಾ ಗಟ್ಟಿ ತುದಿ ತಾಗುವುದು. ವಂಕಿ ಜಾರಿರಬಹುದು. ಹೆರಿಗೆಯಾದ 48 ಗಂಟೆಯೊಳಗೆ ಹಾಕಿಸಿಕೊಂಡವರಲ್ಲಿ ಜಾರುವ ಸಂಭವ ಸ್ವಲ್ಪ ಹೆಚ್ಚು.

ಇವುಗಳಲ್ಲಿ ಯಾವುದೊಂದು ಕಂಡರೂ ಸಂತೆಯ ದಿನ ಪೇಟೆಗೆ ಹೋದಾಗ ತೋರಿಸಿದರಾಯಿತು ಎಂದು ಕಾಯಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ, ಶಿಕಾರಿಪುರದವರು ಶಿಕಾರಿಪುರದ, ಸೊರಬದವರು ಸೊರಬದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ವಿಪರೀತ ರಕ್ತ ಹೋಗುತ್ತಿದ್ದರೆ, ತಲೆಸುತ್ತಿ ಬೀಳುವಂತಾದರೆ 108ಕ್ಕೆ ಕರೆ ಮಾಡಿ. ಹೆಚ್ಚಿನ ಚಿಕಿತ್ಸೆ ಬೇಕೆಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿದೆ. ಅದು ದೂರದ ದಾರಿ, ಅದಕ್ಕೇ ಬೇಗ ಹೊರಡಬೇಕು.

ವಂಕಿ ಎದೆಗೆ ಏರುತ್ತದೆ, ತಲೆಗೆ ಹೋಗುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಅದು ಸುಳ್ಳು. ಆದರೆ ಸಾವಿರದಲ್ಲಿ ಒಬ್ಬಿಬ್ಬರಲ್ಲಿ ಹಾಕುವಾಗ ಗರ್ಭಕೋಶದ ಗೋಡೆಗೆ ತೂತಾಗುವುದುಂಟು. ಸ್ಕ್ಯಾನಿಂಗ್ ಮಾಡಿ, ಬೇಕಾದರೆ ಎಕ್ಸ್‌ರೇ ತೆಗೆದು, ವಂಕಿ ಎಲ್ಲಿದೆಯೆಂದು ವೈದ್ಯರು ಕಂಡುಹಿಡಿಯುತ್ತಾರೆ.

ಈಗ ಸ್ವಲ್ಪ ಹಿಂದಿನ ಸಂಗತಿ. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆಜ್ಞೆ ಮಾಡಿತ್ತು. ನಮ್ಮ ಶಿವಮೊಗ್ಗ ಜಿಲ್ಲೆಯೂ ಆ ಸಂಸ್ಥಾನದ್ದೇ. 1965ರಲ್ಲಿ ಭಾರತ ಸರ್ಕಾರ ಲೂಪ್ ಎಂಬ ಬಳುಕಿನ ಪ್ಲಾಸ್ಟಿಕ್ ಸಾಧನವನ್ನು ದೇಶದಲ್ಲೆಲ್ಲ ಬಳಕೆಗೆ ತಂದಿತು. ಲಕ್ಷಾಂತರ ಮಂದಿ ಹಾಕಿಸಿಕೊಂಡರು. ಆದರೆ ನೋವು, ರಕ್ತಸ್ರಾವ ಬರಬಹುದೆಂದು ಎಷ್ಟೋ ಮಂದಿಗೆ ಮೊದಲೇ ಹೇಳಿರಲಿಲ್ಲ, ಬಂದಾಗ ಕೇಳುವವರೂ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಲೂಪ್ ಜನರ ವಿಶ್ವಾಸ ಕಳೆದುಕೊಂಡಿತು. ಇಂದಿನ ವಂಕಿ ಅದಕ್ಕಿಂತ ಬಹಳ ಸುಧಾರಿಸಿದೆ. ಆದರೂ ಆ ಪಾಠ ಇಂದಿಗೂ ಪಾಠವೇ. ಹೇಳಿ ಹಾಕಿದ ವಂಕಿ ಉಳಿಯುತ್ತದೆ. ಹೇಳದೆ ಹಾಕಿದ್ದು ಹೆದರಿಕೆಯನ್ನಷ್ಟೇ ಬೆಳೆಸುತ್ತದೆ.

ಆದ್ದರಿಂದ ಹಾಕಿಸಿಕೊಳ್ಳುವ ಮೊದಲೇ ಕೇಳಿ: ಯಾವ ಬಗೆಯ ವಂಕಿ, ಎಷ್ಟು ವರ್ಷಕ್ಕೆ, ನೋವು ಬಂದರೆ ಯಾರನ್ನು ಕಾಣಬೇಕು? ಹೆರಿಗೆಯ ನೋವಿನ ನಡುವೆ ಒಪ್ಪಿಗೆ ಕೊಡುವುದಕ್ಕಿಂತ ಬಸುರಿಯಾಗಿರುವಾಗಲೇ ಯೋಚಿಸಿ ಹೇಳುವುದು ಮೇಲು. ಹಾಕಿದ ದಿನಾಂಕ ಬರೆದ ಕಾರ್ಡನ್ನು ಜೋಪಾನವಾಗಿಡಿ. ತವರಿಗೆ ಹೋದರೂ ಜೊತೆಗಿರಲಿ. ಮೊದಲ ಮುಟ್ಟು ಮುಗಿದ ಮೇಲೆ ಅಥವಾ ನಾಲ್ಕರಿಂದ ಆರು ವಾರದಲ್ಲಿ ಒಮ್ಮೆ ತಪ್ಪದೆ ತೋರಿಸಿಕೊಳ್ಳಿ. ಸ್ರಾವ ಹೆಚ್ಚಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ರಕ್ತ ಕಡಿಮೆಯಿದ್ದರೆ ವೈದ್ಯರು ಕಬ್ಬಿಣದ ಮಾತ್ರೆ ಕೊಡುತ್ತಾರೆ. ಸೊಪ್ಪು, ಕಾಳು, ರಾಗಿ ಊಟದಲ್ಲಿರಲಿ.

ಇಷ್ಟೆಲ್ಲ ಮಾಡಿಯೂ ನೋವು ಸಹಿಸಲಾಗದಿದ್ದರೆ? ತೆಗೆಸಿಬಿಡಿ. ಅದು ನಿಮ್ಮ ಹಕ್ಕು. ಅವಧಿ ಮುಗಿದಿಲ್ಲ ಎಂದು ಯಾರೂ ತಡೆಯುವಂತಿಲ್ಲ, ಗಂಡನ ಸಹಿಯೂ ಬೇಕಿಲ್ಲ. ದಾರ ಸಿಕ್ಕರೆ ತೆಗೆಯುವುದು ಕೆಲವೇ ನಿಮಿಷದ ಕೆಲಸ. ಆದರೆ ನೀವೇ ಎಳೆಯಬೇಡಿ, ನಾಟಿ ಔಷಧಿಯವರ ಕೈಗೂ ಕೊಡಬೇಡಿ. ತೆಗೆಸಿದ ದಿನವೇ ಬೇರೆ ಉಪಾಯ ಕೇಳಿಕೊಳ್ಳಿ. ಮಾತ್ರೆಯಿದೆ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರ ಚುಚ್ಚುಮದ್ದಿದೆ. ಗಂಡಂದಿರಿಗೆ ನಿರೋಧ್ ಇದೆ. ಮಕ್ಕಳು ಸಾಕೆನಿಸಿದಾಗ ಅವರೇ ಮಾಡಿಸಿಕೊಳ್ಳಬಹುದಾದ ಸುಲಭ ಶಸ್ತ್ರಚಿಕಿತ್ಸೆಯೂ ಇದೆ. ಸಂಸಾರ ಇಬ್ಬರದು, ಅದರ ಜವಾಬ್ದಾರಿಯೂ ಇಬ್ಬರದು.

ಹೆಣ್ಣು ನೋವು ಸಹಿಸಬೇಕು ಎಂಬ ಮಾತನ್ನು ನಾವು ಕೇಳುತ್ತಲೇ ಬೆಳೆದವರು. ವಂಕಿಯ ವಿಷಯದಲ್ಲಿ ಆ ಮಾತು ಬೇಡ. ನೋವು ಬಂದರೆ ಹೆದರಬೇಡಿ. ಬಾಯಿ ಬಿಟ್ಟು ಹೇಳಿ.