ಕಾರ್ಡು ಬರುವ ತನಕ ಕಾಯಬೇಡಿ

ಬಳ್ಳಾರಿ ಸೀಮೆಯ ಹಲಕುಂದಿಯಾಗಲಿ, ಸಿರುಗುಪ್ಪ, ಕುರುಗೋಡಾಗಲಿ, ಕಂಪ್ಯೂಟರಿನಲ್ಲಿ ತ್ರೀಡಿ ಚಿತ್ರ ಮಾಡುವುದನ್ನು ತಾವೇ ಕಲಿಯಲು ಹೊರಟವರ ಅಳಲು ಒಂದೇ: ‘ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ರೆ ಆಗೋದೇ ಇಲ್ವಂತೆ, ಏನ್ ಮಾಡೋದ್ರೀ?’ ಲ್ಯಾಪ್‌ಟಾಪಿಗೆ ದುಡ್ಡು ಹೊಂದಿಸುವುದರಲ್ಲೇ ಸಾಕುಸಾಕಾದ ಮನೆಯಲ್ಲಿ ಮತ್ತಷ್ಟು ಖರ್ಚಿನ ಮಾತು ಬಂದರೆ ಹುಡುಗರ ಉತ್ಸಾಹ ಅಲ್ಲಿಗೇ ಮುಗಿಯುತ್ತದೆ. ಈ ಮಾತನ್ನು ಅಂಗಡಿಯವರು ಹೇಳುತ್ತಾರೆ, ಯೂಟ್ಯೂಬಿನವರು ಹೇಳುತ್ತಾರೆ, ದುಬಾರಿ ಫೀಸಿನ ತರಗತಿ ನಡೆಸುವವರು ಇನ್ನೂ ಗಟ್ಟಿಯಾಗಿ ಹೇಳುತ್ತಾರೆ. ಕೆಲಸ ಕಲಿತವರು ಮಾತ್ರ ಅಷ್ಟಾಗಿ ಹೇಳುವುದಿಲ್ಲ.

2025ರ ಮಾರ್ಚಿನಲ್ಲಿ ಅತ್ಯುತ್ತಮ ಆನಿಮೇಷನ್ ಚಿತ್ರದ ಆಸ್ಕರ್ ಗೆದ್ದದ್ದು ಲಾಟ್ವಿಯಾದ ‘ಫ್ಲೋ’. ಮಾತೇ ಇಲ್ಲದ, ಬೆಕ್ಕೊಂದರ ಕಥೆ. ಅದರ ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್ ತಾವಾಗಿಯೇ ಕಲಿತವರು. 2019ರಲ್ಲಿ ಬಂದ ಅವರ ಮೊದಲ ಪೂರ್ಣಪ್ರಮಾಣದ ಚಿತ್ರ ‘ಅವೇ’ಯನ್ನು ಒಬ್ಬರೇ ಕೂತು ಮಾಡಿ ಮುಗಿಸಿದ್ದರು. ‘ಫ್ಲೋ’ಗೆ ತಂಡವಿತ್ತು. ಆದರೆ ಅದನ್ನು ರೂಪಿಸಿದ ತಂತ್ರಾಂಶ ಬ್ಲೆಂಡರ್, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದದ್ದು. ಕೊನೆಯ ರೆಂಡರಿಂಗ್, ಅಂದರೆ ಕಟ್ಟಿದ ದೃಶ್ಯದಿಂದ ಚಿತ್ರ ಹೊರಡಿಸುವ ಕೆಲಸ, ನಡೆದದ್ದೂ ನೂರಾರು ಯಂತ್ರಗಳ ಕೋಣೆಯಲ್ಲಲ್ಲ, ನಿರ್ದೇಶಕರ ಸ್ವಂತ ಕಂಪ್ಯೂಟರಿನಲ್ಲಿ.

ಪುಕ್ಕಟೆ ಅಂದರೆ ಕಳಪೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರುಬಿಟ್ಟಿದೆಯೆಂದರೆ, ವೈರಸ್ ತುಂಬಿದ ಕ್ರ್ಯಾಕ್ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿಕೊಳ್ಳುವವರಿದ್ದಾರೆ, ಬ್ಲೆಂಡರ್ ಮಾತ್ರ ಬೇಡ! ಅದು ಹುಟ್ಟಿದ್ದು 1994ರಲ್ಲಿ, ನೆದರ್ಲೆಂಡ್ಸಿನ ಟಾನ್ ರೋಸೆಂಡಾಲ್ ಕೈಯಲ್ಲಿ. ಅದನ್ನು ನಡೆಸುತ್ತಿದ್ದ ಕಂಪನಿ ಮುಳುಗಿದಾಗ 2002ರಲ್ಲಿ ಬಳಕೆದಾರರೇ ಏಳು ವಾರದಲ್ಲಿ ಒಂದು ಲಕ್ಷ ಯೂರೋ ಕೂಡಿಸಿ ಅದನ್ನು ಬಿಡಿಸಿಕೊಂಡರು. ಅಂದಿನಿಂದ ಅದು ಎಲ್ಲರದು. ಹಳೆಯ ಕಂಪ್ಯೂಟರಿಗೆ ಹೊಸ ಆವೃತ್ತಿ ಒಗ್ಗದಿದ್ದರೆ ಹಳೆಯ ಆವೃತ್ತಿಗಳೂ ಬ್ಲೆಂಡರಿನ ತಾಣದಲ್ಲೇ ಸಿಗುತ್ತವೆ.

ಇನ್ನು ಕಾರ್ಡಿನ ವಿಚಾರ. ಕಾರ್ಡು ಬೇಕೆನ್ನುವವರು ತೋರಿಸುವ ಮುಖ್ಯ ಕಾರಣ ರೆಂಡರಿಂಗ್: ‘ಚಿತ್ರ ತುಂಬಾ ಚುಕ್ಕೆ ಚುಕ್ಕೆ ಬರ್ತದೆ, ಸ್ಯಾಂಪಲ್ ಜಾಸ್ತಿ ಮಾಡಿದ್ರೆ ರಾತ್ರಿಯಿಡೀ ಮುಗಿಯಲ್ಲ.’ ಈ ಚುಕ್ಕೆಗಳು ಯಾಕೆ ಬರುತ್ತವೆ ಅಂತ ತಿಳಿದುಕೊಂಡರೆ ಅರ್ಧ ಖರ್ಚು ಉಳಿದಂತೆ.

ಬ್ಲೆಂಡರಿನ ಸೈಕಲ್ಸ್ ಎಂಬ ವಿಧಾನ ಬೆಳಕನ್ನು ಲೆಕ್ಕ ಹಾಕುವುದು ಹೀಗೆ. ಚಿತ್ರದ ಒಂದೊಂದು ಬಿಂದುವಿನಿಂದಲೂ ಒಂದು ಕಿರಣವನ್ನು ದೃಶ್ಯದೊಳಕ್ಕೆ ಬಿಡುತ್ತದೆ. ಅದು ಗೋಡೆಗೋ ಕಲ್ಲಿಗೋ ಬಡಿದು, ಯಾವುದೋ ಒಂದು ದಿಕ್ಕಿಗೆ ಪುಟಿದು, ಮತ್ತೆಲ್ಲೋ ಬಡಿದು, ಅದೃಷ್ಟವಿದ್ದರೆ ದೀಪ ಮುಟ್ಟುತ್ತದೆ. ಮುಟ್ಟಿದರೆ ಆ ಬಿಂದು ಬೆಳ್ಳಗೆ, ಮುಟ್ಟದಿದ್ದರೆ ಕಪ್ಪಗೆ. ಇಂಥ ಒಂದು ಪ್ರಯತ್ನವೇ ಒಂದು ಸ್ಯಾಂಪಲ್. ಹಲವು ಸ್ಯಾಂಪಲ್‌ಗಳ ಸರಾಸರಿಯೇ ಕಣ್ಣಿಗೆ ಕಾಣುವ ಬಣ್ಣ. ಅಂಗಳಕ್ಕೆ ಮೊದಲ ಮಳೆ ಬಿದ್ದಾಗ ನೆಲವೆಲ್ಲ ಚುಕ್ಕೆ, ಹನಿ ಹೆಚ್ಚಿದಂತೆ ಒಂದೇ ಬಣ್ಣ. ಇದೂ ಹಾಗೆ.

ಆದರೆ ಲೆಕ್ಕ ಇಲ್ಲಿ ಮೋಸ ಮಾಡುತ್ತದೆ. ಸ್ಯಾಂಪಲ್ ಎರಡು ಪಟ್ಟು ಮಾಡಿದರೆ ಚುಕ್ಕೆ ಅರ್ಧವಾಗುವುದಿಲ್ಲ. ಅರ್ಧವಾಗಬೇಕಾದರೆ ನಾಲ್ಕು ಪಟ್ಟು ಬೇಕು. ಕಾಲು ಭಾಗಕ್ಕೆ ಇಳಿಯಬೇಕಾದರೆ ಹದಿನಾರು ಪಟ್ಟು. 64 ಸ್ಯಾಂಪಲಿಗೆ ಒಂದು ಫ್ರೇಮ್ ಒಂದು ನಿಮಿಷ ತೆಗೆದುಕೊಂಡಿತು ಅನ್ನಿ. ಹತ್ತು ಸೆಕೆಂಡಿನ ದೃಶ್ಯಕ್ಕೆ, ಸೆಕೆಂಡಿಗೆ 24ರಂತೆ, 240 ಫ್ರೇಮ್: ನಾಲ್ಕು ಗಂಟೆ. ಚುಕ್ಕೆ ಅರ್ಧವಾಗಲಿ ಅಂತ 256 ಇಟ್ಟರೆ ಹದಿನಾರು ಗಂಟೆ. ಕಾಲಾಗಲಿ ಅಂತ 1024 ಇಟ್ಟರೆ 64 ಗಂಟೆ, ಎರಡೂವರೆ ದಿನಕ್ಕಿಂತ ಹೆಚ್ಚು. ಇನ್ನೊಮ್ಮೆ ಹೇಳಬೇಕು, ಯಾಕೆಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ: ನಾಲ್ಕು ಪಟ್ಟು ವೇಗದ ಕಾರ್ಡಿಗೆ ದುಡ್ಡು ಸುರಿದರೂ ಅದೇ ಹೊತ್ತಿನಲ್ಲಿ ಸಿಗುವುದು ಚುಕ್ಕೆ ಅರ್ಧವಾದ ಚಿತ್ರ, ಅಷ್ಟೇ. ಹೊಸದಾಗಿ ತೆರೆದ ಸೈಕಲ್ಸ್‌ನಲ್ಲಿ ಗರಿಷ್ಠ ಸ್ಯಾಂಪಲ್ 4096 ಎಂದಿರುತ್ತದೆ. ಅದನ್ನು ಮುಟ್ಟದೆ ರೆಂಡರ್ ಹಚ್ಚಿ, ಮೇ ತಿಂಗಳ ಬಳ್ಳಾರಿ ಬಿಸಿಲಲ್ಲಿ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು, ಕಾವೇರಿದ ಯಂತ್ರ ತಾನೇ ವೇಗ ತಗ್ಗಿಸಿಕೊಂಡಾಗ ‘ನಮ್ಮ ಸಿಸ್ಟಮ್ಮೇ ಸರಿಯಿಲ್ಲ’ ಎಂದು ಬೈಯುವವರನ್ನು ಬೇಕಾದಷ್ಟು ಕಂಡಿದ್ದಾಯಿತು.

ಮಾಡಬೇಕಾದದ್ದು ಬೇರೆ. ಕಿರಣಕ್ಕೆ ದೀಪ ಸುಲಭವಾಗಿ ಸಿಗುವಂತೆ ಮಾಡಬೇಕು. ಗಾಜಿನ ಬುರುಡೆಯೊಳಗೆ ಸಣ್ಣ ದೀಪ ಇಟ್ಟು ಅದರಿಂದಲೇ ಕೋಣೆ ಬೆಳಗಿಸಹೋದರೆ ಚುಕ್ಕೆ ಎಂದೂ ಹೋಗದು. ಗಾಜು ತೆಗೆದು, ದೀಪದ ಗಾತ್ರ ಹಿಗ್ಗಿಸಿ ನೋಡಿ. ಸ್ಯಾಂಪಲ್ ಒಂದೆರಡು ನೂರಕ್ಕೆ ಇಳಿಸಿ, ಡಿನಾಯ್ಸ್ ಹಾಕಿ. ಇಂಟೆಲ್ ಕಂಪನಿಯ ಈ ಚುಕ್ಕೆ ಒರೆಸುವ ತಂತ್ರ 2019ರಿಂದಲೇ ಬ್ಲೆಂಡರಿನೊಳಗೆ ಇದೆ, ಕಾರ್ಡಿಲ್ಲದ ಸಾಧಾರಣ ಪ್ರೊಸೆಸರಿನಲ್ಲೂ ಓಡುತ್ತದೆ. ಇಲ್ಲವೇ ಸೈಕಲ್ಸ್ ಬಿಟ್ಟು, ಬ್ಲೆಂಡರಿನದೇ ಇನ್ನೊಂದು ವೇಗದ ವಿಧಾನವಾದ ಈವಿ ಹಿಡಿಯಿರಿ. ‘ಫ್ಲೋ’ ರೆಂಡರ್ ಆದದ್ದೇ ಅದರಲ್ಲಿ.

ದೀಪದ ಗಾತ್ರ ಬದಲಾದರೆ ನೆರಳೂ ಬದಲಾಗುತ್ತದೆ. ಸಣ್ಣ ದೀಪದ ನೆರಳಿನ ಅಂಚು ಚೂಪು, ದೊಡ್ಡದರ ಅಂಚು ಮೆತ್ತಗೆ. ಬಳ್ಳಾರಿಯವರಿಗೆ ಇದು ಹೊಸ ಪಾಠವೇನಲ್ಲ. 2023ರಲ್ಲಿ ತೀರಿಕೊಂಡ ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆ ಆಟ ಕಂಡವರು ನೆನಪಿಸಿಕೊಳ್ಳಲಿ: ಗೊಂಬೆ ಪರದೆಗೆ ಒತ್ತಿಕೊಂಡಿದ್ದರೆ ಗೆರೆ ಸ್ಪಷ್ಟ, ಹಿಂದೆ ಸರಿದರೆ, ದೀಪಕ್ಕೂ ಒಂದು ಗಾತ್ರವಿರುವುದರಿಂದ, ಮಸುಕು. ಮೊಬೈಲ್ ಟಾರ್ಚ್ ಹಚ್ಚಿ, ಗೋಡೆಯ ಮುಂದೆ ಕೈ ಹಿಡಿದು ಆಡಿಸಿ ನೋಡಿದರೂ ಸಾಕು. ಯಾವ ಕಾರ್ಡೂ ಇದನ್ನು ಕಲಿಸುವುದಿಲ್ಲ.

ರೆಂಡರಿಂಗಿನ ಬಗ್ಗೆ ಇನ್ನೊಂದು ಮಾತು. ಆನಿಮೇಷನ್ನನ್ನು ನೇರವಾಗಿ ವಿಡಿಯೋ ಫೈಲಾಗಿ ರೆಂಡರ್ ಮಾಡಬೇಡಿ. ನಡುರಾತ್ರಿ ಕರೆಂಟು ಹೋದರೆ ಅಷ್ಟೂ ಹೋಯಿತು. ಒಂದೊಂದು ಫ್ರೇಮನ್ನೂ ಪಿಎನ್‌ಜಿ ಚಿತ್ರವಾಗಿ ಉಳಿಸಿ, ‘ಓವರ್‌ರೈಟ್’ ಗುರುತು ತೆಗೆದಿಡಿ. ಕರೆಂಟು ಬಂದ ಮೇಲೆ ಮತ್ತೆ ರೆಂಡರ್ ಹಚ್ಚಿದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಚಿತ್ರಗಳನ್ನು ವಿಡಿಯೋ ಮಾಡುವುದು ಆಮೇಲಿನ ಕೆಲಸ.

ಮೊದಲು ಏನು ಮಾಡಬೇಕು? ಜಗತ್ತೆಲ್ಲ ಆಂಡ್ರ್ಯೂ ಪ್ರೈಸ್ ಅವರ ಬ್ಲೆಂಡರ್ ಪಾಠ ನೋಡಿ ಡೋನಟ್ ಮಾಡುತ್ತದೆ. ತಪ್ಪೇನಿಲ್ಲ, ಆದರೆ ಡೋನಟ್ಟನ್ನು ಕೈಯಲ್ಲಿ ಹಿಡಿದೇ ನೋಡದವರು ಅದರ ಹೊಳಪು ಸರಿ ಬಂತೋ ಇಲ್ಲವೋ ಹೇಗೆ ಹೇಳಬೇಕು? 1975ರಲ್ಲಿ ಯೂಟಾ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂವೆಲ್ ಮಾದರಿಗೆ ಆರಿಸಿಕೊಂಡದ್ದು ತಮ್ಮ ಮನೆಯ ಚಹಾದ ಪಾತ್ರೆಯನ್ನು. ಇಂದಿಗೂ ಈ ವಿದ್ಯೆಯ ಪ್ರಯೋಗಗಳಲ್ಲಿ ಅದೇ ‘ಯೂಟಾ ಟೀಪಾಟ್’ ಮೆರೆಯುತ್ತಿದೆ. ಮನೆಯಲ್ಲಿರುವ ತಂಬಿಗೆಯನ್ನೇ ತೆಗೆದುಕೊಳ್ಳಿ. ಅರ್ಧ ಅಂಚಿನ ಗೆರೆ ಬರೆದು, ಸ್ಕ್ರೂ ಮಾಡಿಫೈಯರಿನಿಂದ ಒಂದು ಸುತ್ತು ತಿರುಗಿಸಿದರೆ ಆಕಾರ ಸಿದ್ಧ. ಬಾಯಿಯ ಅಂಚನ್ನು ಮಾತ್ರ ಕತ್ತಿಯಂತೆ ಚೂಪಾಗಿ ಬಿಡಬೇಡಿ, ಬೆವೆಲ್ ಹಾಕಿ. ನಿಜವಾದ ತಂಬಿಗೆಯ ಅಂಚು ಸ್ವಲ್ಪ ದುಂಡಗಿರುತ್ತದೆ, ಬೆಳಕು ಮೊದಲು ಮಿಂಚುವುದೇ ಅಲ್ಲಿ.

ಇಷ್ಟಾದ ಮೇಲೆ ಒಂದು ಭಾನುವಾರ ಹೊಸಪೇಟೆ ದಾರಿಯ ತೋರಣಗಲ್ಲಿಗೆ ಹೋಗಿ. ಅಲ್ಲಿನ ವಿದ್ಯಾನಗರದ ಕಲಾಧಾಮದಲ್ಲಿ, ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ ರೂಪಿಸಿದ ‘ಪ್ಲೇಸ್ ಹಂಪಿ’ ಇದೆ. ದುಂಡು ಪರದೆಯ ಮೇಲೆ ಹಂಪಿಯ ನಿಜವಾದ ಕಲ್ಲುಬಂಡೆ, ಅದರ ನಡುವೆ ಕಂಪ್ಯೂಟರಿನಲ್ಲಿ ಹುಟ್ಟಿದ ಪುರಾಣದ ಪಾತ್ರಗಳು. ಆ ಪಾತ್ರಗಳ ನೆರಳು ಬಂಡೆಗಳ ನೆರಳಿಗೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ನಿಂತು ನೋಡಿ. ಹೊರಡುವ ಮುಂಚೆ ಅಂದು ತೆರೆದಿರುತ್ತದೆಯೇ ಎಂದು ವಿಚಾರಿಸಿಕೊಳ್ಳಿ.