ಹರಿಗೋಲು ಉಳಿಯಬೇಕಾದರೆ

(ಕೆಂಗೇರಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸುಮಾರು 1520ರಲ್ಲಿ ವಿಜಯನಗರಕ್ಕೆ – ಪಕ್ಕದ ಬಡಾವಣೆಗಲ್ಲ, ಹಂಪೆಯ ವಿಜಯನಗರಕ್ಕೆ – ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಕಡೆಗೆ ಜನರನ್ನು ದಾಟಿಸುತ್ತಿದ್ದ ಬುಟ್ಟಿಯಾಕಾರದ ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಹೆಣಿಗೆ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನ ಕೂರಬಹುದು. ನೇರವಾಗಿ ಸಾಗದೆ ಸುತ್ತುತ್ತಲೇ ಸಾಗುತ್ತದೆ. ಅದೇ ಹರಿಗೋಲು ಇಂದಿಗೂ ತುಂಗಭದ್ರೆಯಲ್ಲಿದೆ. ಚರ್ಮದ ಸ್ಥಾನಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ.

ಹರಿಗೋಲು ಶಾಶ್ವತವಾಗಿ ಇರಲೆಂದು ಮಾಡಿದ ವಸ್ತುವಲ್ಲ. ನೀರಿನಲ್ಲಿ ನೆನೆನೆನೆದು ಬಿದಿರು ಸವೆಯುತ್ತದೆ, ಕೊಳೆಯುತ್ತದೆ, ಹೊಸದನ್ನು ಹೆಣೆಯಲೇಬೇಕು. ವಸ್ತುಸಂಗ್ರಹಾಲಯದ ಧರ್ಮವಾದರೋ ಇರುವುದನ್ನು ಕೆಡದಂತೆ ಕಾಯುವುದು. ಗಾಜಿನ ಹಿಂದೆ ಒಂದು ಹರಿಗೋಲನ್ನಿರಿಸಿ ಫಲಕ ತೂಗಿಸಿದರೆ ಉಳಿಯುವುದು ಅದರ ಮೈ ಮಾತ್ರ. ದಬ್ಬೆಯನ್ನು ಎಷ್ಟು ತೆಳುವಾಗಿ ಸೀಳಬೇಕು, ತಳದ ಹೆಣಿಗೆಯನ್ನು ಎಷ್ಟು ಬಿಗಿಯಬೇಕು, ತುಂಬಿದ ಹೊಳೆಯ ಸುಳಿಯಲ್ಲಿ ಹುಟ್ಟನ್ನು ಹೇಗೆ ಹಿಡಿಯಬೇಕು ಎಂಬ ವಿದ್ಯೆ ಅಂಬಿಗರ ಕೈಯಲ್ಲಿದೆ.

ಭೋಪಾಲದ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯ ಇದಕ್ಕೊಂದು ದಾರಿ ತೋರಿದೆ. ಅಲ್ಲಿನ ಬಯಲು ಪ್ರದರ್ಶನದ ಬುಡಕಟ್ಟು ಮನೆಗಳನ್ನು ಆಯಾ ಸಮುದಾಯದವರೇ ಬಂದು ತಮ್ಮ ಕ್ರಮದಲ್ಲಿ ಕಟ್ಟಿದ್ದಾರೆ. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ. ಇಲ್ಲಿಂದ ಮೈಸೂರು ರಸ್ತೆ ಹಿಡಿದರೆ ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಇಂತಹ ಸಂಸ್ಥೆಗಳು ಎರಡು ಮೂರು ವರ್ಷಕ್ಕೊಮ್ಮೆ ಅಂಬಿಗರನ್ನು ಕರೆಸಿ, ಕೂಲಿಯ ಲೆಕ್ಕದಲ್ಲಲ್ಲದೆ ಗುರುಗಳಿಗೆ ಸಲ್ಲುವ ಗೌರವಧನ ನೀಡಿ, ವಿದ್ಯಾರ್ಥಿಗಳೆದುರು ಹೊಸ ಹರಿಗೋಲನ್ನು ಹೆಣೆಸಬೇಕು. ಫಲಕದಲ್ಲಿ ಏನು ಬರೆಯಬೇಕೆಂಬುದನ್ನೂ ಅವರೇ ಹೇಳಲಿ. ಹಳೆಯದು ಕೊಳೆತರೆ ಕೊಳೆಯಲಿ.

ಆದರೆ ಹೆಣೆಯಲು ಬಿದಿರು ಬೇಕು. ಉತ್ತರ ಕನ್ನಡದ ಬಿದಿರು ಕಾಗದದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಸಂದಿತೆಂದೂ, ಬುಟ್ಟಿ ಹೆಣೆಯುವ ಬಡವರು ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ತೆರಬೇಕಾಯಿತೆಂದೂ ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಮೆಳೆಗಳು ಹೇಗೆ ಬರಿದಾದವೆಂಬುದನ್ನು ಮಲೆನಾಡಿಗರಿಗೆ ವಿವರಿಸಬೇಕಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಒಪ್ಪಿದೆ. 2017ರ ತಿದ್ದುಪಡಿಯು ಕಾಡಿನ ಹೊರಗೆ ಬೆಳೆದ ಬಿದಿರನ್ನು ಅರಣ್ಯ ಕಾಯಿದೆಯ 'ಮರ'ದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ತೋಟದ ಬೇಲಿಯಂಚಿನಲ್ಲಿ ನಾಲ್ಕು ಮೆಳೆ ಎಬ್ಬಿಸಲು ರೈತರಿಗೆ ಇದು ಅನುಕೂಲವೇ.

ಇನ್ನು ನೀರು. ಕೆಂಗೇರಿಯನ್ನು ಹಾದುಹೋಗುವ ವೃಷಭಾವತಿ, ಬೈರಮಂಗಲ ಕೆರೆಯ ಮೂಲಕ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ನೀರಿದ್ದಾಗ ಮೇಕೆದಾಟಿಗೆ ಹೋಗುವವರನ್ನು ಅಲ್ಲಿ ದಾಟಿಸುವುದು ಹರಿಗೋಲೇ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಬಚ್ಚಲ ನೀರು ಹರಿದು ಹೋಗುವುದು ಆ ಅಂಬಿಗರ ಹೊಳೆಗೇ. ಸಂಗಮಕ್ಕೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ಛಾಯಾಚಿತ್ರ ತೆಗೆದುಕೊಂಡು ಹಿಂದಿರುಗುವ ಮುನ್ನ ಅಂಬಿಗರ ಬಳಿ ಸ್ವಲ್ಪ ಹೊತ್ತು ಕುಳಿತು, ಈ ಹರಿಗೋಲನ್ನು ಯಾರು ಹೆಣೆದರು, ಬಿದಿರು ಎಲ್ಲಿಂದ ಬಂತು, ಹೊಳೆಯ ಮೀನು ಏನಾಯಿತು ಎಂದು ಕೇಳಿ ಬರೆದುಕೊಂಡು ಬರಲಿ.